ಕುದುರೆಗೆ ಚಕ್ಕುಲಿ ಕೊಡಬೇಡಿ!

ಬೇಸಿಗೆ ರಜೆ ಹತ್ತಿರ ಬಂತು. ನಿಮ್ಮ ಮನೆಯಲ್ಲೂ "ಈ ಸಲ ಬೀಚಿಗೆ ಹೋಗೋಣವಾ?" ಎಂಬ ಮಾತು ಶುರುವಾಗಿರಬಹುದು. ರಾಕ್‌ವಿಲ್‌ನಿಂದ ಹೊರಟು, ಬೇ ಬ್ರಿಡ್ಜ್ ದಾಟಿ, ರೂಟ್ 50ರಲ್ಲಿ ಸಾಗಿದರೆ ಸುಮಾರು ಮೂರು ಗಂಟೆಯಲ್ಲಿ ಅಟ್ಲಾಂಟಿಕ್ ಸಾಗರ ಸಿಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಹೋಗುವುದು ಓಷನ್ ಸಿಟಿಗೆ. ಅದರ ದಕ್ಷಿಣಕ್ಕೇ ಇರುವ ಅಸಟೀಗ್ ದ್ವೀಪಕ್ಕೆ ಹೋಗಿದ್ದೀರಾ? ಅಲ್ಲಿ ಎತ್ತರದ ಹೋಟೆಲುಗಳಿಲ್ಲ, ಸಾಲು ಅಂಗಡಿಗಳಿಲ್ಲ. 37 ಮೈಲಿ ಉದ್ದದ ಮರಳು, ಸಮುದ್ರ, ಜೊತೆಗೆ ಕಾಡು ಕುದುರೆಗಳು!

ಹೋದ ವರ್ಷ ಜೂನ್‌ನಲ್ಲಿ, ಕುಮಟಾದಿಂದ ಬಂದಿದ್ದ ನಮ್ಮ ಅಜ್ಜಿಯನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ಅಮ್ಮ ಚಿತ್ರಾನ್ನ, ಮೊಸರನ್ನ, ಚಕ್ಕುಲಿ ಎಲ್ಲ ಕಟ್ಟಿಕೊಂಡಿದ್ದರು. ತಿಂಡಿ ಚೀಲ ನೋಡಿಕೊಳ್ಳುವ ಕೆಲಸ ನನ್ನದು. ನಾನು ಫೋಟೊ ತೆಗೆಯಲು ನೀರಿನ ಹತ್ತಿರ ಹೋದೆ. ತಿರುಗಿ ನೋಡುವಷ್ಟರಲ್ಲಿ ಕಂದು ಬಣ್ಣದ ಕುದುರೆಯೊಂದು ಚೀಲದೊಳಗೆ ಮೂತಿ ತೂರಿಸಿ ಚಕ್ಕುಲಿಯನ್ನು ಕರಕರ ಅಗಿಯುತ್ತಿತ್ತು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಅಜ್ಜಿ ಮಾತ್ರ, "ಪಾಪ, ಹಸಿದಿರಬೇಕು. ಬಾಳೆಹಣ್ಣೂ ಕೊಡು" ಎಂದರು. ಅಪ್ಪ ಬೋರ್ಡ್ ತೋರಿಸಿ ಬೇಡ ಎಂದಾಗ ಅವರಿಗೆ ಬೇಜಾರಾಯಿತು. ಅವರ ಮನೆಯಲ್ಲಿ ಹಸುವಿಗೆ ಒಂದು ತುತ್ತು ಇಡದೆ ಯಾರೂ ಊಟಕ್ಕೆ ಕೂರುವುದಿಲ್ಲ. "ಬಂದ ಪ್ರಾಣಿಗೆ ಕೊಡಬೇಡ ಅನ್ನೋದು ಎಂಥ ನ್ಯಾಯ?" ಎಂದು ನನ್ನನ್ನು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಬಂದ ಮೇಲೆ ಹುಡುಕಿ ಓದಿದೆ.

ಚಿಪ್ ಎಂಬ ಕುದುರೆಯ ಕಥೆ

ಅಸಟೀಗ್‌ನಲ್ಲಿ ಒಂದು ಗಂಡು ಕುದುರೆ ಇತ್ತು. ಜನ ಅದನ್ನು ಪ್ರೀತಿಯಿಂದ ಚಿಪ್ ಎಂದು ಕರೆಯುತ್ತಿದ್ದರು. ಮನುಷ್ಯರ ತಿಂಡಿಯ ರುಚಿ ಅದಕ್ಕೆ ಹತ್ತಿತು. ಆಮೇಲೆ ತಿಂಡಿಗಾಗಿ ಜನರ ಮೇಲೇ ಏರಿ ಬರತೊಡಗಿತು, ಜನರಿಗೆ ಗಾಯಗಳಾದವು. ಕೊನೆಗೆ 2022ರಲ್ಲಿ ಅದನ್ನು ದ್ವೀಪದಿಂದಲೇ ತೆಗೆದು, ದೂರದ ಟೆಕ್ಸಾಸ್‌ನ ಪ್ರಾಣಿಧಾಮಕ್ಕೆ ಕಳುಹಿಸಬೇಕಾಯಿತು. ಅದು ಇನ್ನು ಸಮುದ್ರ ನೋಡುವುದಿಲ್ಲ. ತಪ್ಪು ನಮ್ಮಂಥವರದು, ಊರು ಬಿಟ್ಟದ್ದು ಕುದುರೆ. ಇದನ್ನು ಓದಿದ ಮೇಲೆ ನಮ್ಮ ಚಕ್ಕುಲಿಯ ವಿಡಿಯೊ ನೋಡಿ ನನಗೆ ನಗು ಬರಲಿಲ್ಲ.

ಇನ್ನೊಂದು ಅಪಾಯವೂ ಇದೆ. ಕಾರಿನಿಂದ ತಿಂಡಿ ಸಿಗುತ್ತದೆ ಎಂದು ಕಲಿತ ಕುದುರೆಗಳು ರಸ್ತೆ ಬದಿಯಲ್ಲೇ ನಿಲ್ಲುತ್ತವೆ. ಹಾಗೆ ಕಾರು ಬಡಿದು ಸತ್ತ ಕುದುರೆಗಳಿವೆ.

ಅಜ್ಜಿ ಅಂದುಕೊಂಡಂತೆ ಅವು ಹಸಿದೂ ಇರುವುದಿಲ್ಲ. ಉಪ್ಪುನೀರಿನ ಜೌಗಿನಲ್ಲಿ ಬೆಳೆಯುವ ಹುಲ್ಲೇ ಅವುಗಳ ಮುಖ್ಯ ಆಹಾರ. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ! ಸಾಕಿದ ಕುದುರೆಗಿಂತ ಎರಡು ಪಟ್ಟು ಹೆಚ್ಚು ಸಿಹಿನೀರು ಕುಡಿಯುತ್ತವೆ. ಅದಕ್ಕೇ ಹೊಟ್ಟೆ ಉಬ್ಬಿದ ಹಾಗೆ ಕಾಣುತ್ತದೆ.

ಇವು ಒಡೆದ ಸ್ಪ್ಯಾನಿಷ್ ಹಡಗಿನಿಂದ ಈಜಿ ಬಂದವು ಎಂಬ ಕಥೆ ಇದೆ. ಆದರೆ 1600ರ ದಶಕಗಳ ಕೊನೆಯಲ್ಲಿ ರೈತರು ಬೇಲಿಯ ಕಾನೂನು ಮತ್ತು ತೆರಿಗೆ ತಪ್ಪಿಸಿಕೊಳ್ಳಲು ತಂದು ಬಿಟ್ಟ ಕುದುರೆಗಳ ಸಂತತಿ ಇವು ಎಂಬುದೇ ಹೆಚ್ಚು ನಂಬುವಂಥದ್ದು.

ಸೈಟ್ ಆಗಬೇಕಿದ್ದ ದ್ವೀಪ

ಬೆಂಗಳೂರಿನಲ್ಲಿ ಸೈಟ್ ಮಾರುವ ಹಾಗೆ ಈ ದ್ವೀಪದಲ್ಲೂ ಒಮ್ಮೆ ಸೈಟ್‌ಗಳನ್ನು ಮಾರಿದ್ದರು, ರಸ್ತೆಯನ್ನೂ ಹಾಕಿದ್ದರು. 1962ರ ಮಾರ್ಚ್‌ನಲ್ಲಿ ಬಂದ ದೊಡ್ಡ ಬಿರುಗಾಳಿ ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. 1965ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಕಡಲತೀರ ಎಂದು ಘೋಷಿಸಿತು. ಮರಳುದಿಬ್ಬಗಳ ನಡುವಿನ ಕಾಲುದಾರಿಯಲ್ಲಿ ಆ ಹಳೆಯ ರಸ್ತೆಯ ಡಾಂಬರಿನ ತುಂಡುಗಳು ಈಗಲೂ ಕಾಣುತ್ತವೆ. ಹುಡುಕಿ ನೋಡಿ.

ಆ ದಿಬ್ಬಗಳನ್ನು ಹಿಡಿದಿರುವುದು ಅಲ್ಲಿನ ಹುಲ್ಲಿನ ಬೇರು. ನಾವು ತುಳಿದರೆ ಹುಲ್ಲು ಸಾಯುತ್ತದೆ, ಮರಳು ಹಾರಿಹೋಗುತ್ತದೆ. ಆದ್ದರಿಂದ ದಿಬ್ಬ ಹತ್ತಬೇಡಿ, ಮಾಡಿಟ್ಟ ದಾರಿಯಲ್ಲೇ ಹೋಗಿ.

ಕಾಣದ ಗೂಡು

ಕುದುರೆಯನ್ನು ಎಲ್ಲರೂ ನೋಡುತ್ತಾರೆ. ಪೈಪಿಂಗ್ ಪ್ಲವರ್ ಎಂಬ ಪುಟ್ಟ ಹಕ್ಕಿಯನ್ನು ಯಾರೂ ನೋಡುವುದಿಲ್ಲ. ಗುಬ್ಬಿಗಿಂತ ತುಸು ದೊಡ್ಡದು, ಒಣ ಮರಳಿನದೇ ಬಣ್ಣ. ಅದು ಮರ ಹತ್ತಿ ಗೂಡು ಕಟ್ಟುವುದಿಲ್ಲ. ಬಯಲು ಮರಳಿನಲ್ಲಿ ಸಣ್ಣ ಗುಳಿ ಮಾಡಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯೂ ಮರಳಿನ ಬಣ್ಣವೇ! ಕಾಲಿಟ್ಟ ಮೇಲಷ್ಟೇ ನಮಗೆ ಗೊತ್ತಾಗುವುದು. ನಾವು ಹತ್ತಿರ ಹೋದರೆ ತಾಯಿಹಕ್ಕಿ ಎದ್ದು ಓಡುತ್ತದೆ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಗಾಳಿಪಟವೂ ಅದರ ಕಣ್ಣಿಗೆ ಹದ್ದಿನಂತೆ ಕಾಣುತ್ತದೆ. 1986ರಿಂದ ಈ ಹಕ್ಕಿ ಕಾನೂನಿನ ರಕ್ಷಣೆಯಲ್ಲಿದೆ. ವಸಂತ ಮತ್ತು ಬೇಸಿಗೆಯಲ್ಲಿ ಕೆಲವು ಕಡೆ ಹಗ್ಗ ಕಟ್ಟಿ ಬೋರ್ಡ್ ಹಾಕಿರುತ್ತಾರೆ. ಖಾಲಿ ಜಾಗ ಎಂದುಕೊಂಡು ಒಳಗೆ ಹೋಗಬೇಡಿ. ಅದು ಯಾರದೋ ಮನೆ.

ಸಮುದ್ರಕ್ಕೆ ಬೆನ್ನು ಹಾಕಬೇಡಿ

ಕುದುರೆಯ ವಿಷಯದಲ್ಲಿ ಅಜ್ಜಿಗೆ ನಾವು ಹೇಳಿದೆವು. ಸಮುದ್ರದ ವಿಷಯದಲ್ಲಿ ಅಜ್ಜಿ ನಮಗೆ ಹೇಳಿದರು. ನಾನು ಅಲೆಗೆ ಬೆನ್ನು ಮಾಡಿ ಸೆಲ್ಫಿ ತೆಗೆಯುವಾಗ ತೋಳು ಹಿಡಿದು ಎಳೆದು, "ಕಡಲಿಗೆ ಬೆನ್ನು ಹಾಕ್ತಾರಾ?" ಎಂದು ಗದರಿಸಿದರು. 2024ರ ಡಿಸೆಂಬರ್‌ನಲ್ಲಿ ಅವರ ಊರಿಗೆ ಹತ್ತಿರದ ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಸಮುದ್ರದ ಪಾಲಾದರು. ಅವರೂ ಸುಮಾರು ನನ್ನ ವಯಸ್ಸಿನವರೇ. ನಾವು ಈಜುಕೊಳದಲ್ಲಿ ಕಲಿತ ಈಜು ಸಮುದ್ರಕ್ಕೆ ಸಾಲುವುದಿಲ್ಲ.

ಇಲ್ಲಿನ ದೊಡ್ಡ ಅಪಾಯ ರಿಪ್ ಕರೆಂಟ್, ಅಂದರೆ ನೀರಿನ ಸೆಳೆತ. ಅಲೆಗಳು ದಡಕ್ಕೆ ತಂದ ನೀರು ಒಂದು ಕಿರಿದಾದ ಜಾಗದಲ್ಲಿ ಜೋರಾಗಿ ವಾಪಸ್ ಹರಿಯುತ್ತದೆ. ಎರಡೂ ಬದಿಯಲ್ಲಿ ಅಲೆ ಒಡೆಯುತ್ತಿದ್ದು, ನಡುವೆ ಮಾತ್ರ ನೀರು ಶಾಂತವಾಗಿ ಕಂಡರೆ ಅನುಮಾನಪಡಿ. ಶಾಂತವಾಗಿದೆ ಎಂದು ಅಲ್ಲೇ ಇಳಿಯುವುದು ನಾವು ಮಾಡುವ ತಪ್ಪು.

ಸಿಕ್ಕಿಕೊಂಡರೆ ಗಾಬರಿಯಾಗಬೇಡಿ. ಅದು ನಿಮ್ಮನ್ನು ಕೆಳಕ್ಕಲ್ಲ, ಆಚೆಗೆ ಎಳೆಯುತ್ತದೆ. ಎದುರು ಈಜಿ ಸುಸ್ತಾಗಬೇಡಿ. ದಡದ ಉದ್ದಕ್ಕೆ, ಪಕ್ಕಕ್ಕೆ ಈಜಿ. ಸೆಳೆತದಿಂದ ಹೊರಬಂದ ಮೇಲೆ ಓರೆಯಾಗಿ ದಡಕ್ಕೆ ಬನ್ನಿ. ಆಗದಿದ್ದರೆ ತೇಲುತ್ತಾ ಕೈ ಬೀಸಿ ಕೂಗಿ. ಬೇರೆಯವರು ಸಿಕ್ಕಿಕೊಂಡದ್ದನ್ನು ಕಂಡರೆ ನೀವು ಹಾರಬೇಡಿ. ಲೈಫ್‌ಗಾರ್ಡ್ ಕರೆಯಿರಿ ಅಥವಾ 911ಕ್ಕೆ ಫೋನ್ ಮಾಡಿ, ತೇಲುವ ವಸ್ತು ಏನಾದರೂ ಎಸೆಯಿರಿ.

ಹೊರಡುವ ಮೊದಲು

• ಲೈಫ್‌ಗಾರ್ಡ್‌ಗಳು ಬೇಸಿಗೆಯಲ್ಲಿ ಮಾತ್ರ, ಅದೂ ಕೆಲವು ಕಡೆ ಮಾತ್ರ ಇರುತ್ತಾರೆ. ಅವರಿರುವ ಕಡೆಯೇ ನೀರಿಗಿಳಿಯಿರಿ.
• ಕುದುರೆಯಿಂದ 40 ಅಡಿ ದೂರವಿರಿ, ಸುಮಾರು ಒಂದು ಸ್ಕೂಲ್ ಬಸ್ಸಿನ ಉದ್ದ. ಅದೇ ಹತ್ತಿರ ಬಂದರೆ ನೀವೇ ಹಿಂದೆ ಸರಿಯಿರಿ. ಅವು ಒದೆಯುತ್ತವೆ, ಕಚ್ಚುತ್ತವೆ.
• ತಿಂಡಿಯನ್ನು ಕಾರಿನೊಳಗಿಡಿ. ತಿನ್ನುವಾಗ ಮಾತ್ರ ತೆಗೆಯಿರಿ, ಚೀಲ ಬಿಟ್ಟು ಕದಲಬೇಡಿ.
• ಸೊಳ್ಳೆ, ಕಚ್ಚುವ ನೊಣ, ಉಣ್ಣಿ ಮೂರೂ ಇವೆ. ಔಷಧಿ ಹಚ್ಚಿಕೊಳ್ಳಿ.
• ನೀರು, ಟೋಪಿ, ಸನ್‌ಸ್ಕ್ರೀನ್ ಮರೆಯಬೇಡಿ. ಗುಡುಗು ಕೇಳಿದ ತಕ್ಷಣ ಕಾರು ಸೇರಿ.
• ಮರಳಿನಲ್ಲಿ ಆಳವಾದ ಗುಂಡಿ ತೋಡಬೇಡಿ, ಕುಸಿದರೆ ಜೀವಕ್ಕೇ ಅಪಾಯ. ಸಣ್ಣದನ್ನೂ ಮುಚ್ಚಿ ಬನ್ನಿ.
• ಕಸವೆಲ್ಲ ವಾಪಸ್ ಮನೆಗೆ. ಚಿತ್ರಾನ್ನದ ಪ್ಲಾಸ್ಟಿಕ್ ಚಮಚವೂ ಕೂಡ!
• ಮನೆಯಲ್ಲಿ 4ನೇ ತರಗತಿಯ ಮಗು ಇದ್ದರೆ ರಾಷ್ಟ್ರೀಯ ಉದ್ಯಾನಗಳ ಉಚಿತ ಪಾಸ್ ಸಿಗುತ್ತದೆ. ಹೊರಡುವ ಮೊದಲೇ ಮಾಡಿಸಿಕೊಳ್ಳಿ.

ಕಳೆದ ವಾರ ವಿಡಿಯೊ ಕಾಲ್‌ನಲ್ಲಿ ಅಜ್ಜಿಗೆ ಚಿಪ್‌ನ ಕಥೆ ಪೂರ್ತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ತಪ್ಪು ನಿಂದೇ. ಮುಂದಿನ ಸಲ ಚೀಲದ ಬಾಯಿ ಗಟ್ಟಿಯಾಗಿ ಕಟ್ಟು" ಎಂದರು. ಕಟ್ಟುತ್ತೇನೆ ಅಜ್ಜಿ. ನೀವೂ ಕಟ್ಟುತ್ತೀರಲ್ಲ? ಹೋಗಿ ಬಂದ ಮೇಲೆ ನಿಮ್ಮ ಫೋಟೊಗಳನ್ನು ನಮ್ಮ ಪತ್ರಿಕೆಗೆ ಕಳುಹಿಸಿ, 40 ಅಡಿ ದೂರದಿಂದ ತೆಗೆದವುಗಳನ್ನು ಮಾತ್ರ!