ಬೆಳಗಾದದ್ದೇ ತಿಳಿಯಲಿಲ್ಲ!

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಸೀಮೆಯವರಿಗೆ ‘ಶ್ರೀಕೃಷ್ಣ ಪಾರಿಜಾತ’ ಹೊಸದಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ ಈ ಸಣ್ಣಾಟ ಬೆಳತನಕ ನಡೆಯುವಂಥದ್ದು. ಒಂದು ಹೂವಿಗಾಗಿ ಸತ್ಯಭಾಮೆ ಮುನಿಯುತ್ತಾಳೆ, ಕಥೆ ಇಷ್ಟೇ. ಆದರೂ ಆಟ ನೋಡಿ ಎದ್ದವರ ಮಾತು ಒಂದೇ: ಬೆಳಗಾದದ್ದೇ ತಿಳಿಯಲಿಲ್ಲ.

ವರ್ಚುವಲ್ ರಿಯಾಲಿಟಿಯ ಕನ್ನಡಕ ತೆಗೆದಿಟ್ಟವರೂ ಈಗ ಇಂಥದೇ ಮಾತಾಡುತ್ತಾರೆ. ಕಣ್ಣಿಗೆ ಕಟ್ಟಿಕೊಂಡ ಪುಟ್ಟ ಪರದೆಗಳಲ್ಲಿ, ತಲೆ ತಿರುಗಿಸಿದತ್ತ ತಿರುಗುವ ಕಲ್ಪಿತ ಲೋಕವದು. ಅಮೆರಿಕದ ಸಾಂತಾಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಚಕ್ರವ್ಯೂಹದಂಥ ಆಟ ಕೊಟ್ಟು, ಐದು ನಿಮಿಷವಾಯಿತೆನಿಸಿದಾಗ ನಿಲ್ಲಿಸಲು ಹೇಳಲಾಯಿತು. ಗಡಿಯಾರ ಇರಲಿಲ್ಲ. ಮೊದಲು ಕನ್ನಡಕದಲ್ಲಿ ಆಡಿದವರು, ಮೊದಲು ಸಾಮಾನ್ಯ ಪರದೆಯಲ್ಲಿ ಆಡಿದವರಿಗಿಂತ ಸರಾಸರಿ 72.6 ಸೆಕೆಂಡು ಹೆಚ್ಚು ಆಡಿದರು. ಆಟ ಅದೇ, ಬದಲಾದದ್ದು ನೋಡುವ ಬಗೆ ಮಾತ್ರ. ಪರದೆಯಲ್ಲಿ ಆಡಿ ಆಮೇಲೆ ಕನ್ನಡಕ ಹಾಕಿದವರಲ್ಲಿ ಮಾತ್ರ ಈ ವ್ಯತ್ಯಾಸ ಕಾಣಲಿಲ್ಲ. ಮೊದಲ ಸರದಿಯ ಅಂದಾಜೇ ಅವರ ಮನಸ್ಸಿನಲ್ಲಿ ಉಳಿದಿದ್ದಿರಬೇಕು.

ಹೀಗೇಕೆ? ಕನ್ನಡಕದೊಳಗೆ ನಮ್ಮ ಕೈಕಾಲು ನಮಗೆ ಕಾಣುವುದಿಲ್ಲ. ಹೊತ್ತನ್ನು ಅಳೆಯಲು ಮಿದುಳು ಎದೆಬಡಿತದಂಥ ದೇಹದ ಸುಳಿವುಗಳನ್ನೂ ಆಶ್ರಯಿಸುತ್ತದೆ. ದೇಹದ ಅರಿವು ಮಸುಕಾದರೆ ಆ ಅಳತೆಯೂ ಸಡಿಲವಾಗುತ್ತದೆ ಎಂಬುದು ಸಂಶೋಧಕರ ಊಹೆ. ಸಿದ್ಧಾಂತವಲ್ಲ, ಊಹೆ.

ಪಾರಿಜಾತದ ಪ್ರೇಕ್ಷಕನ ಮರೆವು ಬೇರೆ ಜಾತಿಯದು. ಅವನು ದ್ವಾರಕೆಯಲ್ಲಿದ್ದರೂ ಮೈ ಬಯಲಲ್ಲೇ ಇರುತ್ತದೆ. ನಡುರಾತ್ರಿಯ ಚಳಿ ತಾಗುತ್ತದೆ, ಕಂಬಳಿ ಎಳೆದುಕೊಳ್ಳುತ್ತಾನೆ, ಚಹಾಕ್ಕೆ ಎದ್ದು ಬರುತ್ತಾನೆ. ಮಗ್ಗುಲಲ್ಲಿ ಮಗು ಅತ್ತರೆ ಕೇಳಿಸುತ್ತದೆ. ಭಾಗವತನೂ ಪಾತ್ರಗಳನ್ನು ಮಾತಿಗೆಳೆದು, ಇದು ಆಟವೆಂಬುದನ್ನು ಆಗಾಗ ನೆನಪಿಸುತ್ತಾನೆ. ಹೊತ್ತು ಮರೆತರೂ ಅದನ್ನು ತಿಳಿಸುವ ದಾರಿಗಳು ತೆರೆದೇ ಇರುತ್ತವೆ. ಕನ್ನಡಕ ಮುಚ್ಚುವುದು ಈ ದಾರಿಗಳನ್ನೇ. ಓದು, ನಿದ್ದೆ ಬಿಟ್ಟು ಆಡಲು ಕೂರುವ ಹುಡುಗನ ತಾಯಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಇದೇ ಗುಣ ಬೇರೆಡೆ ಉಪಕಾರಿ. ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುವವರು ಗಂಟೆಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಕೂರಬೇಕು. ಚಿಕಿತ್ಸೆಯ ವೇಳೆ ಇಂಥ ಕನ್ನಡಕ ಧರಿಸಿದ ರೋಗಿಗಳು ಕಳೆದ ಸಮಯವನ್ನು ನಿಜಕ್ಕಿಂತ ಕಡಿಮೆಯೆಂದೇ ಅಂದಾಜಿಸಿದ್ದನ್ನು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಔಷಧ ಹನಿಯುವ ವೇಗವೇನೂ ಬದಲಾಗಿರಲಿಲ್ಲ.