ಮಂಡಿಯ ನೋವೆಂದು ಬಗೆದ ಹೊಟ್ಟೆಯ ವ್ಯಾಧಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಮ್ಮ ಮನೆಗಳಲ್ಲಿ ವಯಸ್ಸಾದ ತಾಯಂದಿರ ಮಂಡಿನೋವು ಹೊಸ ಸಂಗತಿಯಲ್ಲ. ಜೋಳ, ಶೇಂಗಾ ಹೊಲಗಳಲ್ಲಿ ದುಡಿದ ಕಾಲುಗಳವು. ಕೊಟ್ಟೂರೇಶ್ವರರ ತೇರಿಗೆ ನಡೆದು ಬಂದ ಕಾಲುಗಳು. ಎಣ್ಣೆ ಹಚ್ಚಿ, ಶಾಖ ಕೊಟ್ಟು ಸುಮ್ಮನಾಗುತ್ತೇವೆ. ಬಹುತೇಕ ಅದು ಸರಿಯೂ ಹೌದು. ಆದರೆ ಅದೇ ನೋವಿನೊಡನೆ ವಾಂತಿ, ಹೊಟ್ಟೆಯುಬ್ಬರಗಳು ಕೂಡಿಕೊಂಡರೆ ಪಿತ್ತವೆಂದು ಕಾಲ ಕಳೆಯಲಾಗದು.

ಹರ್ನಿಯಾ ಎಂದೊಡನೆ ತೊಡೆಸಂದಿನಲ್ಲಿಯೋ ಹೊಕ್ಕುಳಿನಲ್ಲಿಯೋ ಕಾಣುವ ಗಂಟನ್ನು ನೆನೆಯುತ್ತೇವೆ. ಅದು ಗಂಡಸರ ಕಾಯಿಲೆಯೆಂದೂ ಭಾವಿಸುತ್ತೇವೆ. 'ಆಬ್ಟುರೇಟರ್ ಹರ್ನಿಯಾ' ಎಂಬುದು ಇವೆರಡಕ್ಕೂ ಅಪವಾದ. ಸೊಂಟದೆಲುಬಿನ ಮುಂಭಾಗದ ರಂಧ್ರದಲ್ಲಿ ನರ, ರಕ್ತನಾಳಗಳು ಹಾದುಹೋಗುವ ಕಿರುದಾರಿಯೊಂದುಂಟು. ಅದರ ಸುತ್ತಲಿನ ಕೊಬ್ಬು ಮುಪ್ಪಿನಲ್ಲಿ ಕರಗಿದಾಗ ಸಣ್ಣಕರುಳಿನ ತುಣುಕು ಅದರೊಳಗೆ ನುಸುಳಿ ಸಿಕ್ಕಿಕೊಳ್ಳಬಹುದು. ಕೃಶಕಾಯರಾದ, ಹಲವು ಮಕ್ಕಳನ್ನು ಹೆತ್ತ ವೃದ್ಧೆಯರಲ್ಲಿಯೇ ಇದು ಹೆಚ್ಚು. ಒಟ್ಟು ಹರ್ನಿಯಾಗಳಲ್ಲಿ ಇದರ ಪಾಲು ಶೇಕಡ 1ಕ್ಕಿಂತಲೂ ಕಡಿಮೆ. ಮೇಲೆ ಸ್ನಾಯುಗಳ ಹೊದಿಕೆಯಿರುವುದರಿಂದ ಗಂಟು ಸಾಮಾನ್ಯವಾಗಿ ಹೊರಗೆ ಕಾಣದು.

ಅದುಮಲ್ಪಟ್ಟ ನರವು ತನ್ನ ನೋವನ್ನು ತೊಡೆಯ ಒಳಮಗ್ಗುಲಿನಿಂದ ಮಂಡಿಯವರೆಗೆ ಒಯ್ಯುತ್ತದೆ. ಕಾಲು ಚಾಚಿದರೆ, ಒಳಕ್ಕೆ ತಿರುಗಿಸಿದರೆ ನೋವು ಹೆಚ್ಚು. ತೊಡೆಯನ್ನು ಹೊಟ್ಟೆಯತ್ತ ಮಡಿಚಿದರೆ ಕಡಿಮೆ. ಇಂಗ್ಲೆಂಡಿನ ಹೌಶಿಪ್ 1840ರಲ್ಲಿ, ಜರ್ಮನಿಯ ರಾಂಬರ್ಗ್ 1848ರಲ್ಲಿ ಈ ಕುರುಹನ್ನು ವಿವರಿಸಿದರು. ಎಲ್ಲ ರೋಗಿಗಳಲ್ಲಿಯೂ ಇದು ಕಾಣದು. ಕಂಡಾಗಲೂ ಸಂಧಿವಾತವೆಂದೇ ಮರೆತುಬಿಡುವುದುಂಟು. ಸಾಮಾನ್ಯ ಎಕ್ಸ್‌ರೇ ಕರುಳು ಕಟ್ಟಿರುವುದನ್ನು ತೋರಿಸೀತು, ಕಾರಣವನ್ನಲ್ಲ. ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಶಸ್ತ್ರಚಿಕಿತ್ಸೆಗೆ ಮುನ್ನವೇ ರೋಗ ತಿಳಿಯುವಂತಾಗಿದೆ. ತಡವಾದಷ್ಟೂ ಸಿಕ್ಕಿಬಿದ್ದ ಕರುಳು ಕೊಳೆಯುವ ಭಯ.

ಈ ಐದು ತಾಲ್ಲೂಕುಗಳೂ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದವು. ಕಾಗದಪತ್ರದ ವಿಳಾಸ ಬದಲಾದರೂ ದೊಡ್ಡ ಕಾಯಿಲೆಯೆಂದರೆ 1961ರ ಬಳ್ಳಾರಿ ಸರ್ಕಾರಿ ವೈದ್ಯಕೀಯ ಕಾಲೇಜು, ಹರಪನಹಳ್ಳಿಯ ಕಡೆಯವರಿಗೆ 1965ರಲ್ಲಿ ಆರಂಭವಾದ ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ನೆನಪಾಗುವುದು ತಪ್ಪಿಲ್ಲ. ಹಳ್ಳಿಯಿಂದ ಅಲ್ಲಿಗೆ ಹೊರಡುವ ಮೊದಲೇ ಒಂದು ದಿನ ಕಳೆದಿರುತ್ತದೆ. ಅಜ್ಜಿಯಂದಿರು ತೊಡೆಯ ನೋವನ್ನು ಗಂಡುಮಕ್ಕಳೆದುರು ಹೇಳಲು ನಾಚುತ್ತಾರೆ; ವೈದ್ಯರ ಮುಂದೆ ವಾಂತಿಯನ್ನಷ್ಟೇ ಹೇಳುತ್ತಾರೆ. ಆದ್ದರಿಂದ ಸೊಸೆಯೋ ಮಗಳೋ ಜೊತೆಗೆ ಹೋಗಿ ಎರಡನ್ನೂ ಒಟ್ಟಿಗೆ ತಿಳಿಸಬೇಕೆಂದು ನಮ್ಮ ವಿನಂತಿ. ಮಲ, ವಾಯು ಎರಡೂ ನಿಂತು ಹೊಟ್ಟೆ ಬಿಗಿದಿದ್ದರೆ ಹರಳೆಣ್ಣೆ ಕುಡಿಸಬೇಡಿ. ವೈದ್ಯರು ನೋಡುವತನಕ ಗಂಜಿಯನ್ನೂ ಕೊಡಬೇಡಿ.