ಹಳೆಯ ಕಾರು: ರಿಪೇರಿಯೋ, ವಿದಾಯವೋ?

ಹಳೆಯ ಕಾರನ್ನು ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಗ್ಯಾರೇಜಿನಲ್ಲಿ ಬಾನೆಟ್ ತೆರೆದು ನಿಂತ ಕಾರಿನ ಪಕ್ಕದಲ್ಲಿ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಒಂದು ಮೊತ್ತ ಹೇಳುತ್ತಾನೆ. ಕೂಡಲೇ ನಮ್ಮೊಳಗೆ ಇಬ್ಬರು ವಾದಕ್ಕಿಳಿಯುತ್ತಾರೆ. ‘ಇಷ್ಟು ವರ್ಷ ನಡೆದ ಗಾಡಿ, ಇನ್ನೊಂದಿಷ್ಟು ಹಾಕೋಣ’ ಎನ್ನುತ್ತಾನೆ ಒಬ್ಬ. ‘ಸಾಕು, ಗುಜರಿಗೆ ಹಾಕು’ ಎನ್ನುತ್ತಾನೆ ಇನ್ನೊಬ್ಬ. ಇಬ್ಬರ ಮಾತೂ ಹೊರಟದ್ದು ಮನಸ್ಸಿನಿಂದ, ಲೆಕ್ಕದಿಂದಲ್ಲ.

ಮಂಗಳೂರಿನಲ್ಲಿ ವಾಸವಾಗಿರುವ ನಾನು 2004ರಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರನ್ನು ಕೊಂಡೆ. ಅದು ಈ ಪ್ರಶ್ನೆಯನ್ನು ನನ್ನ ಮುಂದೆ ಎರಡು ಸಲ ಇಟ್ಟಿತು. ಎರಡು ಸಲಕ್ಕೂ ಉತ್ತರ ಬೇರೆಯಾಯಿತು.

ಮೊದಲನೆಯದು 2019ರಲ್ಲಿ. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಆಮೇಲೆ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ನವೀಕರಣದ ಹೊತ್ತಿಗೆ ಸರಿಯಾಗಿ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿತು. ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿ ಉರಿಯುತ್ತಿದೆ ಎಂದು ತಿಳಿಯಬೇಕು. ಬಿಳಿ ಹೊಗೆ ಬಿಡದೆ ಬಂದರೆ ರೇಡಿಯೇಟರಿನ ನೀರು ಎಂಜಿನ್ನಿನೊಳಗೆ ಸೇರುತ್ತಿರಬಹುದು. ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ಲೇ ಸುಡುತ್ತಿದೆ. ನನ್ನ ಕಾರಿನ ಪಿಸ್ಟನ್ ರಿಂಗುಗಳು ಸವೆದಿದ್ದವು. ರಿಪೇರಿಗೆ 45,000 ರೂಪಾಯಿ ಎಂದರು. ಮಾರಿದರೆ ಕಾರಿಗೆ ಬರುತ್ತಿದ್ದುದು 60,000.

‘ಅರವತ್ತರ ಕಾರಿಗೆ ನಲವತ್ತೈದೆ?’ ಎಂದು ಗೆಳೆಯರು ನಕ್ಕರು. ಬಹುಮಂದಿ ಎಡವುವುದು ಇಲ್ಲಿಯೇ. ಕಾರಿನ ಮಾರಾಟದ ಬೆಲೆ ಮಾರಾಟಗಾರನಿಗೆ ಮುಖ್ಯ. ಓಡಿಸುವವನಿಗೆ ಮುಖ್ಯವಾದದ್ದು, ಬರಲಿರುವ ವರ್ಷಗಳಲ್ಲಿ ಯಾವ ಕಾರಿಗೆ ಎಷ್ಟು ವೆಚ್ಚವಾದೀತೆಂಬುದು. ಹಿಂದೆ ಸುರಿದ ಹಣವೂ ಈ ಲೆಕ್ಕದಲ್ಲಿ ಸೇರುವುದಿಲ್ಲ. ಹೋದದ್ದು ಹೋಯಿತು, ಯಾವ ನಿರ್ಧಾರದಿಂದಲೂ ಅದು ಮರಳಿ ಬರುವುದಿಲ್ಲ.

ಹೊಸ ಕಾರಿನ ದೊಡ್ಡ ವೆಚ್ಚ ಕಣ್ಣಿಗೆ ಕಾಣದು. ಅದು ಬೆಲೆಯ ಇಳಿತ. ವಿಮೆಗಾಗಿ ಕಾರಿನ ಬೆಲೆ ಕಟ್ಟುವಾಗ, ಆರು ತಿಂಗಳು ದಾಟಿದ ಕಾರಿಗೆ ನೂರಕ್ಕೆ 15ರಷ್ಟನ್ನೂ, ನಾಲ್ಕು ವರ್ಷ ದಾಟಿದ ಕಾರಿಗೆ 50ರಷ್ಟನ್ನೂ ಕಳೆಯುವುದು ವಾಡಿಕೆ. ಹಾಗಾದರೆ 5 ಲಕ್ಷದ ಕಾರು ಐದು ವರ್ಷದಲ್ಲಿ ಎರಡೂವರೆ ಲಕ್ಷವನ್ನು ನುಂಗುತ್ತದೆ. ಎಂದರೆ ವರ್ಷಕ್ಕೆ 50,000. ಸಾಲದ ಬಡ್ಡಿ ಬೇರೆ. ನನ್ನ 45,000ವನ್ನು ಅದೇ ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 9,000. ಬ್ಯಾಟರಿ, ಟೈರು, ಕ್ಲಚ್ ಪ್ಲೇಟು ಎಂದು ಇನ್ನೊಂದು 15,000 ಸೇರಿಸಿದರೂ ಹಳೆಯ ಕಾರೇ ಗೆದ್ದಿತು. ನಾನು ರಿಪೇರಿ ಮಾಡಿಸಿದೆ. ಐದು ವರ್ಷ ಅದು ದಾರಿಯಲ್ಲಿ ಕೈಕೊಡಲಿಲ್ಲ.

ಎರಡನೆಯ ಸಲ, 2024ರಲ್ಲಿ, ಮೆಕ್ಯಾನಿಕ್ ಹೇಳಿದ ಮೊತ್ತ ಕೇವಲ 25,000. ಹಳೆಯ ಲೆಕ್ಕದಂತೆ ನೋಡಿದರೆ ಯೋಚಿಸುವುದೇ ಬೇಡವಾಗಿತ್ತು. ಆದರೆ ಆತ ಕಾರನ್ನು ಮೇಲೆತ್ತಿ, ಅಡಿಭಾಗಕ್ಕೆ ಸ್ಕ್ರೂಡ್ರೈವರ್ ಒತ್ತಿ ತೋರಿಸಿದ. ಅದು ತಗಡಿನೊಳಕ್ಕೆ ಸಲೀಸಾಗಿ ಹೊಕ್ಕಿತು. ಕಡಲ ತೀರದ ಉಪ್ಪುಗಾಳಿ, ಇಪ್ಪತ್ತು ಮಳೆಗಾಲಗಳ ನೀರು ಕಣ್ಣಿಗೆ ಬೀಳದ ಕಡೆ ತಮ್ಮ ಕೆಲಸ ಮಾಡಿದ್ದವು.

ಲಾರಿಗೆ ಚಾಸಿ ಬೇರೆ, ಮೈ ಬೇರೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮೈಯೇ ಚಾಸಿ. ಅಪಘಾತದ ಪೆಟ್ಟನ್ನು ತಾಳಬೇಕಾದದ್ದೂ ಅದೇ. ಸವೆಯುವುದಕ್ಕೆಂದೇ ಇರುವ ಭಾಗಗಳನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಎಲುಬೇ ತುಕ್ಕು ಹಿಡಿದರೆ ತೇಪೆ ಹಾಕಿದ ಮಾತ್ರಕ್ಕೆ ಮೊದಲಿನ ಬಲ ಬರುವುದಿಲ್ಲ. ‘ಟಿಂಕರಿಂಗ್ ಮಾಡಿಕೊಡುತ್ತೇನೆ ಸರ್’ ಎಂದ ಮೆಕ್ಯಾನಿಕ್. ‘ಆದರೆ ನಾನಾದರೆ ಇದರಲ್ಲಿ ಮಕ್ಕಳನ್ನು ಕೂರಿಸುವುದಿಲ್ಲ.’ ನನ್ನ ಮಗಳು ಆ ಕಾರಿನಲ್ಲೇ ವಾರಕ್ಕೊಮ್ಮೆ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಹೋಗಿ ಬರುತ್ತಿದ್ದಳು.

ಇನ್ನೊಂದು ಮಾತೂ ಇದೆ. ಜಾರುವ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆ, ಚಾಲಕನ ಮುಂದಿನ ಏರ್‌ಬ್ಯಾಗು, ಇವು ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ. ನನ್ನ ಕಾರಿನಲ್ಲಿ ಎರಡೂ ಇರಲಿಲ್ಲ. ರಿಪೇರಿಯು ಇದ್ದದ್ದನ್ನು ಸರಿಪಡಿಸಬಲ್ಲದು. ಇಲ್ಲದ್ದನ್ನು ಎಲ್ಲಿಂದ ತಂದೀತು? ನವೀಕರಣದ ಶುಲ್ಕವೂ 2022ರ ಏಪ್ರಿಲಿನಿಂದ 600 ರೂಪಾಯಿ ಇದ್ದದ್ದು 5,000ಕ್ಕೆ ಏರಿತ್ತು. ಆದರೆ ನಿರ್ಧಾರ ಮಾಡಿಸಿದ್ದು ಶುಲ್ಕವಲ್ಲ, ಆ ಸ್ಕ್ರೂಡ್ರೈವರ್.

ಆದ್ದರಿಂದ ಹಳೆಯ ಕಾರಿನವರು ಒಂದು ಪುಸ್ತಕವಿಟ್ಟು ಪ್ರತಿ ರಿಪೇರಿಯನ್ನೂ ಬರೆದಿಡುವುದು ಒಳ್ಳೆಯದು. ಒಂದೊಂದು ಸಲ ಒಂದೊಂದು ಭಾಗ ಹೋದರೆ ಅದು ಸಹಜವಾದ ಸವೆತ. ಒಂದೇ ಭಾಗ ಮತ್ತೆ ಮತ್ತೆ ಹೋದರೆ ಕಾರಣ ಒಳಗೆಲ್ಲೋ ಇದೆ. ದೊಡ್ಡ ರಿಪೇರಿಗೆ ಒಪ್ಪುವ ಮೊದಲು ಕಾರನ್ನು ಮೇಲೆತ್ತಿಸಿ ಅಡಿಯನ್ನು ಕಣ್ಣಾರೆ ನೋಡಬೇಕು. ಬಿಟ್ಟುಕೊಡುವುದಾದರೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು, ಆರ್‌ಸಿಯನ್ನು ರದ್ದು ಮಾಡಿಸಬೇಕು. ಇಲ್ಲವಾದರೆ ಆ ಗಾಡಿ ಮುಂದೆ ಮಾಡುವ ಅನಾಹುತಗಳಿಗೆ ನಮ್ಮ ಹೆಸರೇ ಅಂಟಿಕೊಂಡಿರುತ್ತದೆ.

ಕೀಲಿಕೈಯನ್ನು ಒಪ್ಪಿಸಿದ ದಿನ ಮನೆಯವರೆಲ್ಲ ಕಾರಿನ ಸುತ್ತ ಸುಮ್ಮನೆ ನಿಂತಿದ್ದೆವು. ದುಃಖವಾಗದೆ ಇರಲಿಲ್ಲ. ಆಗಬಾರದೆಂದೂ ನಾನು ಹೇಳಲಾರೆ. ಆದರೆ ಅದು ನಿರ್ಧಾರಕ್ಕೆ ಮೊದಲು ಬರದೆ ಅನಂತರ ಬಂದದ್ದೇ ಒಳ್ಳೆಯದಾಯಿತು.